ಕಲ್ಕತ್ತಾದ ಹಳೇ ಅಗಲ ಚಿತ್ರಗಳು: ಚಿತ್ರಕಾರ ನಿಂತದ್ದು ಎಲ್ಲಿ?

ಹೂಗ್ಲಿ_ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಕೆಲಸದ ಮೇಲೆ ಎರಡು ವರ್ಷದಿಂದ ಕೋಲ್ಕತ್ತಾದಲ್ಲಿದ್ದೇನೆ. ಕಳೆದ ಭಾನುವಾರ ವಿಕ್ಟೋರಿಯಾ ಮೆಮೋರಿಯಲ್‌ನಲ್ಲಿ ಡೇನಿಯಲ್‌ಗಳ ಚಿತ್ರಗಳ ಮುಂದೆ ಅರ್ಧ ದಿನ ಕಳೆದೆ. ಥಾಮಸ್ ಡೇನಿಯಲ್ ಮತ್ತು ಅವರ ಸೋದರನ ಮಗ ವಿಲಿಯಂ. ಇಬ್ಬರೂ ಚೀನಾ ಮಾರ್ಗವಾಗಿ ಸುತ್ತಿ 1786ರಲ್ಲಿ ಕಲ್ಕತ್ತಾಕ್ಕೆ ಬಂದವರು. ವಿಲಿಯಂ ಆಗ ಇನ್ನೂ ಹದಿಹರೆಯದ ಹುಡುಗ. 1786ರಿಂದ 1788ರ ಒಳಗೆ ಊರಿನ 12 ನೋಟಗಳನ್ನು ಅಚ್ಚು ಮಾಡಿ ಮಾರಿದರು.

ಅದರಲ್ಲಿ ಹಳೇ ಕೋಟೆಯ ಘಾಟ್‌ನ, ಅಂದರೆ ನದಿಗೆ ಇಳಿಯುವ ಕಟ್ಟೆಯ, ಚಿತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಕೋಟೆ ಗೋಡೆ, ಅದರ ಕಾಲ ಬಳಿಯೇ ನೀರು, ದಡದಲ್ಲಿ ದೋಣಿ, ಜನ. ಅದರ ಪ್ರತಿಯನ್ನು ಫೋನಿನಲ್ಲಿ ಇಟ್ಟುಕೊಂಡು ನದಿಗೆ ಹೋದೆ. ಚಿತ್ರಕಾರ ನಿಂತ ಜಾಗದಲ್ಲೇ ನಿಂತು ನೋಡಬೇಕು ಅಂತ ಆಸೆ. ಫೇರ್ಲೀ ಪ್ಲೇಸ್ ಹತ್ತಿರ, ಮಿಲೇನಿಯಂ ಪಾರ್ಕ್ ಹತ್ತಿರ, ಎರಡು ಗಂಟೆ ಓಡಾಡಿದೆ. ಯಾವುದೂ ಹೊಂದಲಿಲ್ಲ. ಕೋಟೆ ಇದ್ದ ಜಾಗದಲ್ಲಿ ಈಗ ದೊಡ್ಡ ಅಂಚೆ ಕಚೇರಿ ಇದೆ, ಸರಿ. ಆದರೆ ಅದು ನೀರಿನಿಂದ ಎಷ್ಟೋ ಒಳಗಿದೆ! ಚಿತ್ರವೇ ಸುಳ್ಳೇ? ತಿಳಿದವರು ಹೇಳಿ.

ಹಳೇಪೇಟೆ:

ಚಿತ್ರ ಸುಳ್ಳಲ್ಲ. ನೀವು ನೀರಿನಲ್ಲಿ ನಿಂತಿದ್ದಿರಿ, ಅಷ್ಟೇ!

ಆ ಕಾಲಕ್ಕೆ ಹಳೇ ಫೋರ್ಟ್ ವಿಲಿಯಂನ ಪಡುವಣ ಗೋಡೆ ನದಿ ದಂಡೆಯಲ್ಲೇ ಇತ್ತು. ಆಮೇಲೆ ನದಿ ಪಶ್ಚಿಮಕ್ಕೆ ಸರಿಯಿತು, ದಂಡೆಗೆ ಮಣ್ಣು ತುಂಬಿದರು, ಸ್ಟ್ರ್ಯಾಂಡ್ ರಸ್ತೆ ಬಂತು. ಇವತ್ತು ಬಸ್ಸು ಓಡಾಡುವ ಜಾಗದಲ್ಲಿ ಆಗ ದೋಣಿ ಕಟ್ಟುತ್ತಿದ್ದರು. ಅಂಚೆ ಕಚೇರಿ 1868ರದ್ದು. ಅದರ ಮೆಟ್ಟಿಲ ಮೇಲೆ ಹಿತ್ತಾಳೆಯ ಗೆರೆ ಹಾಕಿದ್ದಾರೆ, ಹಳೇ ಕೋಟೆಯ ಗೋಡೆ ಎಲ್ಲಿತ್ತು ಅಂತ ತೋರಿಸಲು. ಮುಂದಿನ ಸಲ ಹೋದಾಗ ಆ ಗೆರೆಯಿಂದ ಶುರು ಮಾಡಿ, ನದಿ ಕಡೆಗೆ ನಡೆಯಿರಿ.

ಸುಳ್ಳಿನ ಮಾತು ಬಂತಲ್ಲ, ಡೇನಿಯಲ್‌ಗಳಿಗಿಂತ ಐವತ್ತು ವರ್ಷ ಹಿಂದಿನ ಒಂದು ಚಿತ್ರ ಇದೆ. ಸುಮಾರು 1731-32ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿನ ತನ್ನ ಕಚೇರಿ ಗೋಡೆಗೆ ಆರು ಎಣ್ಣೆಬಣ್ಣದ ಚಿತ್ರ ಬರೆಸಿತು. ಕಲ್ಕತ್ತಾ, ಬೊಂಬಾಯಿ, ಮದ್ರಾಸು, ನಮ್ಮ ಮಂಗಳೂರಿನಿಂದ ಅಷ್ಟೇನೂ ದೂರವಲ್ಲದ ತಲಶ್ಶೇರಿ, ಜೊತೆಗೆ ಆಫ್ರಿಕಾದ ತುದಿಯ ಕೇಪ್ ಮತ್ತು ಸೇಂಟ್ ಹೆಲೆನಾ ದ್ವೀಪ. ನೆಲ, ಕಟ್ಟಡ ಬರೆದವರು ಜಾರ್ಜ್ ಲ್ಯಾಂಬರ್ಟ್. ಹಡಗು, ನೀರು ಬರೆದವರು ಸ್ಯಾಮ್ಯುಯೆಲ್ ಸ್ಕಾಟ್. ಇಬ್ಬರೂ ಭಾರತಕ್ಕೆ ಕಾಲಿಟ್ಟವರಲ್ಲ. ಬೇರೆಯವರ ನಕ್ಷೆ, ಗುರುತು ಇಟ್ಟುಕೊಂಡು ಲಂಡನ್ನಿನಲ್ಲೇ ಬರೆದರು. ಕಲ್ಕತ್ತಾದ ಚಿತ್ರದಲ್ಲಿ ಉದ್ದಕ್ಕೆ ನದಿ, ಅದರ ತುಂಬ ಕಂಪನಿ ಹಡಗು, ಹಿಂದೆ ಕೋಟೆ. ನೋಡುವವನು ನೀರಿನ ಮೇಲೆ ನಿಂತ ಹಾಗೆ ಇದೆ. ವ್ಯಾಪಾರಿಗೆ ಊರು ಕಾಣುವುದೇ ಹಾಗೆ, ಅಲ್ವಾ? ಹಡಗಿನ ಮೇಲಿಂದ.

ಹೂಗ್ಲಿ_ದಂಡೆ:

ಅಯ್ಯೋ, ನದಿ ಸರಿದಿದೆ ಅಂತ ಹೊಳೆಯಲೇ ಇಲ್ಲ ನನಗೆ! ತುಂಬ ಥ್ಯಾಂಕ್ಸ್ ಸರ್. ಇನ್ನೊಂದು ಕೇಳಬೇಕು. ಈ 12 ಚಿತ್ರಗಳಲ್ಲಿ ಬಣ್ಣ ಒಂಥರಾ ನೀರುನೀರಾಗಿದೆ. ಆಕಾಶದಲ್ಲಿ ಸಣ್ಣ ಸಣ್ಣ ಕಾಳು ಕಾಳು ಕಾಣುತ್ತದೆ. ಇದು ಅಚ್ಚೋ, ಕೈಯಲ್ಲಿ ಬರೆದದ್ದೋ?

ತಾಮ್ರದ_ತಗಡು:

ಎರಡೂ. ಇದು ನನ್ನ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಚಿತ್ರಕಲಾ ಕಾಲೇಜಿನಲ್ಲಿ ಗ್ರಾಫಿಕ್ಸ್ ಓದಿದವಳು.

ಇದಕ್ಕೆ ಆಕ್ವಾಟಿಂಟ್ ಅನ್ನುತ್ತಾರೆ. ನಯ ಮಾಡಿದ ತಾಮ್ರದ ತಗಡಿನ ಮೇಲೆ ರಾಳದ ಪುಡಿಯನ್ನು ಧೂಳಿನ ಹಾಗೆ ಉದುರಿಸುತ್ತೇವೆ. ಕೆಳಗಿಂದ ಬಿಸಿ ಕೊಟ್ಟರೆ ಒಂದೊಂದು ಕಣವೂ ಕರಗಿ ತಗಡಿಗೆ ಅಂಟುತ್ತದೆ. ಆಮೇಲೆ ಆ್ಯಸಿಡ್‌ನಲ್ಲಿ ಮುಳುಗಿಸಿದರೆ ಕಣಗಳ ನಡುವಿನ ಬರಿ ತಾಮ್ರವನ್ನಷ್ಟೇ ಅದು ತಿನ್ನುತ್ತದೆ. ತೆಳು ಆಕಾಶ ಬೇಕಾದ ಕಡೆ ಬೇಗ ತೆಗೆದು ವಾರ್ನಿಷ್ ಬಳಿಯುತ್ತೇವೆ. ಉಳಿದದ್ದನ್ನು ಮತ್ತೆ ಮುಳುಗಿಸುತ್ತೇವೆ. ಜಾಸ್ತಿ ಹೊತ್ತು ಬಿಟ್ಟ ಜಾಗ ಜಾಸ್ತಿ ಕಪ್ಪು. ನೀವು ನೋಡಿದ ಕಾಳು ಅಂದರೆ ಆ ರಾಳದ ಕಣಗಳ ಗುರುತು. ಅಚ್ಚಾದ ಮೇಲೆ ಒಂದೊಂದು ಹಾಳೆಗೂ ಕೈಯಲ್ಲಿ ನೀರುಬಣ್ಣ ಹಾಕುತ್ತಿದ್ದರು. ಅದಕ್ಕೇ ಒಂದೇ ಚಿತ್ರದ ಎರಡು ಪ್ರತಿ ಅಕ್ಕಪಕ್ಕ ಇಟ್ಟರೆ ಆಕಾಶದ ಬಣ್ಣ ಬೇರೆ ಬೇರೆ.

ಇನ್ನೊಂದು ಕಷ್ಟ ಇದೆ. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುತ್ತದೆ. ಹಾಗಾಗಿ ಇಡೀ ಊರನ್ನು ತಗಡಿನ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೊರೆಯಬೇಕು.

ಥಾಮಸ್ ಡೇನಿಯಲ್ ಇಂಗ್ಲೆಂಡಿನಲ್ಲಿ ಶುರುವಿಗೆ ಕುದುರೆ ಗಾಡಿಗಳಿಗೆ ಬಣ್ಣ ಬಳಿಯುವ ಕೆಲಸ ಕಲಿತವರು. ಕಲ್ಕತ್ತಾದಲ್ಲಿ ಇದಕ್ಕೆ ಪಳಗಿದ ಕೈಗಳು ಸಿಗಲಿಲ್ಲ. 12 ಚಿತ್ರ ಮುಗಿದ ಮೇಲೆ 1788ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ ತೋಡಿಕೊಂಡಿದ್ದಾರೆ. ಚಿತ್ರಕಾರ, ಕೊರೆಯುವವ, ತಾಮ್ರದ ಕೆಲಸದವ, ಅಚ್ಚು ಹಾಕುವವ, ಅಚ್ಚುಕೂಟದ ಆಳು, ಎಲ್ಲ ನಾನೇ ಆಗಬೇಕಾಯಿತು ಅಂತ.

ಆ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಓದುವಾಗ ಒಂದು ಮಳೆಗಾಲದಲ್ಲಿ ನನ್ನ ಮೂರು ತಗಡು ಹಾಳಾದವು. ಹವೆಯಲ್ಲಿ ತೇವ ಇದ್ದರೆ ಪುಡಿ ಗಂಟು ಕಟ್ಟುತ್ತದೆ, ಆಕಾಶದ ತುಂಬ ಕಪ್ಪು ಮಚ್ಚೆ. ಅಳು ಬಂದಿತ್ತು. ಬಂಗಾಳದ ಜುಲೈ ತಿಂಗಳಲ್ಲಿ, ಫ್ಯಾನಿಲ್ಲದ ಕೋಣೆಯಲ್ಲಿ, ಕೇಳಲು ಒಬ್ಬ ಗುರುವೂ ಇಲ್ಲದೆ ಅವರು ಇದನ್ನು ಮಾಡಿದರು ಅಂದರೆ ನನಗೆ ಕೈ ಮುಗಿಯಬೇಕು ಅನಿಸುತ್ತದೆ.

ಸರಪಳಿ_ಅಳತೆ:

ನಾನು ಸರ್ವೆ ಕೆಲಸದವನು. ಚಿತ್ರಕಲೆ ಗೊತ್ತಿಲ್ಲ. ಆದರೆ ‘ಎಲ್ಲಿ ನಿಂತು ನೋಡಿದ’ ಅನ್ನೋ ಪ್ರಶ್ನೆ ನನ್ನದೂ ಹೌದು. ಅದಕ್ಕೆ ಬರೆಯುತ್ತಿದ್ದೇನೆ.

ಪನೋರಮಾ ಅನ್ನೋದು ಹುಟ್ಟಿದ್ದು ಗುಡ್ಡದ ಮೇಲೆ. ರಾಬರ್ಟ್ ಬಾರ್ಕರ್ ಎಡಿನ್‌ಬರೋ ಊರಿನ ಕಾಲ್ಟನ್ ಗುಡ್ಡದ ಮೇಲೆ ನಿಂತು ಸುತ್ತ ಕಾಣುವುದನ್ನೆಲ್ಲ ಒಂದೇ ಚಿತ್ರವಾಗಿ ಬರೆದರು. 1787ರಲ್ಲಿ ಅದಕ್ಕೆ ಪೇಟೆಂಟ್ ತೆಗೆದುಕೊಂಡರು. 1793ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿ ಅದಕ್ಕೇ ಅಂತ ದುಂಡು ಕಟ್ಟಡ ಕಟ್ಟಿದರು. ಕತ್ತಲೆಯ ದಾರಿಯಲ್ಲಿ ಒಳಗೆ ಹೋಗಿ ಮೆಟ್ಟಿಲು ಹತ್ತಿದರೆ ನಡುವೆ ಒಂದು ಕಟ್ಟೆ. ಸುತ್ತ ಗೋಡೆ ತುಂಬ ಚಿತ್ರ. ಬೆಳಕು ಮೇಲಿನ ಗಾಜಿನಿಂದ ಬರುತ್ತದೆ, ಆದರೆ ಆ ಗಾಜು ಕಾಣದ ಹಾಗೆ ತಲೆಯ ಮೇಲೆ ಚಪ್ಪರ. ಚಿತ್ರದ ಮೇಲಂಚೂ ಕಾಣುವುದಿಲ್ಲ, ಕೆಳಗಿನ ಅಂಚೂ ಕಾಣುವುದಿಲ್ಲ. ಅದಕ್ಕೇ ನಿಜವಾದ ಊರಿನಲ್ಲಿ ನಿಂತ ಹಾಗೆ ಅನಿಸುತ್ತಿತ್ತು.

ಈಗ ಕಲ್ಕತ್ತಾಕ್ಕೆ ಬನ್ನಿ. ಅಲ್ಲಿ ಗುಡ್ಡವೇ ಇಲ್ಲ. ಹಪ್ಪಳದ ಹಾಗೆ ಚಪ್ಪಟೆ ನೆಲ. ಅಂಥ ಊರಲ್ಲಿ ಬೀದಿಯಲ್ಲಿ ನಿಂತರೆ ಮೊದಲ ಸಾಲಿನ ಮನೆ ಹಿಂದಿನದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಅಗಲವಾಗಿ ನೋಡಬೇಕಾದರೆ ಎದುರಿಗೆ ಖಾಲಿ ಜಾಗ ಬೇಕು, ಇಲ್ಲವೇ ಎತ್ತರ ಬೇಕು. ಖಾಲಿ ಜಾಗ ಅಂದರೆ ಒಂದು ನದಿ. ಇನ್ನೊಂದು ಮೈದಾನ.

ಈ ಮೈದಾನ ಬಂದದ್ದು ಹೇಗೆ ಅಂತ ಗೊತ್ತಾದರೆ ಚಿತ್ರಗಳೇ ಬೇರೆ ಥರ ಕಾಣುತ್ತವೆ. 1756ರಲ್ಲಿ ಬಂಗಾಳದ ನವಾಬ ಸಿರಾಜುದ್ದೌಲ ಹಳೇ ಕೋಟೆ ಹಿಡಿದ. ಅದರ ಸುತ್ತ ಮನೆಗಳು ಒತ್ತೊತ್ತಾಗಿದ್ದವು, ಗುಂಡು ಹಾರಿಸಲೂ ಜಾಗವಿರಲಿಲ್ಲ. 1757ರಲ್ಲಿ ಪ್ಲಾಸಿ ಗೆದ್ದ ಮೇಲೆ ಕಂಪನಿ ಗೋವಿಂದಪುರ ಅನ್ನೋ ಹಳ್ಳಿಯ ಜನರನ್ನು ಎಬ್ಬಿಸಿ ಅಲ್ಲಿ ಹೊಸ ಕೋಟೆ ಕಟ್ಟಿತು. ಫಿರಂಗಿಗೆ ಅಡ್ಡ ಬರಬಾರದು ಅಂತ ಸುತ್ತ ಕಾಡು ಕಡಿದು ಬಯಲು ಮಾಡಿತು. ಆ ಬಯಲಿನ ಆಚೆ ಅಂಚಿನಲ್ಲಿ ಚೌರಂಗಿಯ ಬಿಳಿ ಬಂಗಲೆಗಳು ಸಾಲಾಗಿ ಎದ್ದವು. ಕೋಟೆಯ ಮುಂದಿನ ಇಳಿಜಾರಿನಲ್ಲಿ ನಿಂತರೆ ಆ ಇಡೀ ಸಾಲು ಒಂದೇ ನೋಟಕ್ಕೆ ಸಿಗುತ್ತದೆ. ಜೇಮ್ಸ್ ಬೇಲಿ ಫ್ರೇಸರ್ 1824-26ರಲ್ಲಿ ಪ್ರಕಟಿಸಿದ 24 ಚಿತ್ರಗಳಲ್ಲಿ ಒಂದು ಅಲ್ಲಿಂದಲೇ ನೋಡಿದ್ದು. ಫಿರಂಗಿಗೆ ಮಾಡಿದ ಬಯಲು ಚಿತ್ರಕಾರನಿಗೆ ದಕ್ಕಿತು. ಇದು ನನ್ನ ಅನಿಸಿಕೆ. ತಪ್ಪಿದ್ದರೆ ತಿದ್ದಿ.

ಎತ್ತರ ಸಿಕ್ಕಿದ್ದು 1828ರಲ್ಲಿ, ಕಂಪನಿಯ ಸೇನಾಪತಿ ಆಕ್ಟರ್‌ಲೋನಿಯ ಸ್ಮಾರಕ ಎದ್ದಾಗ. ಈಗ ಅದನ್ನು ಶಹೀದ್ ಮಿನಾರ್ ಅನ್ನುತ್ತಾರೆ. ಸುಮಾರು 48 ಮೀಟರ್ ಎತ್ತರ. ಫ್ರೆಡ್ರಿಕ್ ಫೀಬಿಗ್ ಅದರ ನೆತ್ತಿಯಿಂದ ಕಂಡ ಊರನ್ನು 1847ರಲ್ಲಿ ಆರು ಹಾಳೆಗಳ ಕಲ್ಲಚ್ಚು ಮಾಡಿದರು. ಆರನ್ನೂ ಜೋಡಿಸಿದರೆ ಪೂರ್ತಿ ಒಂದು ಸುತ್ತು. ಪಶ್ಚಿಮಕ್ಕೆ ನದಿ ಮತ್ತು ಹಡಗುಗಳ ಕಂಬ. ನೈಋತ್ಯಕ್ಕೆ ಕೋಟೆ. ವಾಯವ್ಯಕ್ಕೆ ಗವರ್ನರ್ ಮನೆ. ಪೂರ್ವಕ್ಕೆ ಚೌರಂಗಿ, ಧರ್ಮತಲ. ಆಮೇಲೆ ಅವರು ಕ್ಯಾಮೆರಾ ಹಿಡಿದರು, ಅದು ಬೇರೆ ಕತೆ.

ಹಳೇಪೇಟೆ:

ತಿದ್ದುವುದೇನಿಲ್ಲ ಸರ್, ಒಂದು ಸೇರಿಸುತ್ತೇನೆ. ನೀವು ಹೇಳಿದ ಆ ಲೆಸ್ಟರ್ ಸ್ಕ್ವೇರ್ ದುಂಡು ಕಟ್ಟಡದಲ್ಲೇ, 1830ರ ಹೊತ್ತಿಗೆ ರಾಬರ್ಟ್ ಬರ್ಫರ್ಡ್ ಕಲ್ಕತ್ತಾದ ಪನೋರಮಾ ತೋರಿಸಿದರು. ಹಡಗು ಹತ್ತದ ಲಂಡನ್ ಜನ ಒಂದು ಶಿಲ್ಲಿಂಗ್ ಕೊಟ್ಟು ಕಲ್ಕತ್ತಾದಲ್ಲಿ ನಿಂತು ಬಂದರು. ಚಿತ್ರ ಬರೆದ ಅಂಥ ದೊಡ್ಡ ಬಟ್ಟೆಗಳು ಉಳಿಯಲಿಲ್ಲ. ಬಾಗಿಲಲ್ಲಿ ಮಾರುತ್ತಿದ್ದ ಚಿಕ್ಕ ಪುಸ್ತಿಕೆಗಳು ಉಳಿದಿವೆ. ಅದರಲ್ಲಿ ಕಟ್ಟಡಗಳಿಗೆಲ್ಲ ನಂಬರ್ ಹಾಕಿದ ಗೆರೆಚಿತ್ರ ಇರುತ್ತದೆ.

ಬಯಲು_ಬಿಸಿಲು:

ಎಲ್ಲರೂ ಹೊಗಳುತ್ತಿದ್ದೀರಿ. ನನಗೆ ಒಂದು ಮಾತು ಹೇಳಲೇಬೇಕು ಅನಿಸುತ್ತಿದೆ, ಬೈಕೋಬೇಡಿ.

1770ರಲ್ಲಿ ಬಂಗಾಳದಲ್ಲಿ ಭೀಕರ ಬರ. ಮೂರರಲ್ಲಿ ಒಂದು ಪಾಲು ಜನ ಸತ್ತರು ಅನ್ನೋ ಅಂದಾಜು ಕಂಪನಿಯವರೇ ಮಾಡಿದ್ದು. ಆ ಹೊತ್ತಿನಲ್ಲೂ ಕಂದಾಯ ವಸೂಲಿ ನಿಲ್ಲಿಸಲಿಲ್ಲ. ಡೇನಿಯಲ್‌ಗಳು ಬಂದದ್ದು ಅದಾದ 16 ವರ್ಷಕ್ಕೆ. ಚಿತ್ರದಲ್ಲಿ ಆ ಬಿಳಿ ಮನೆಗಳು ಹೊಳೆಯುತ್ತವಲ್ಲ, ಆ ಹಣ ಎಲ್ಲಿಂದ ಬಂತು? ಚಿತ್ರದಲ್ಲಿ ಎಲ್ಲ ಶುಭ್ರ, ಎಲ್ಲ ಶಾಂತ. ಪಲ್ಲಕ್ಕಿ ಹೊರುವವನ ಮುಖವೂ ಶಾಂತ.

ಮತ್ತೆ ಆ ಕಟ್ಟಡಗಳು ಅಮೃತಶಿಲೆ ಅಂದುಕೊಳ್ಳಬೇಡಿ. ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಮೂರು ಮಳೆಗಾಲಕ್ಕೆ ಪಾಚಿ ಹಿಡಿದು ಕಪ್ಪಾಗುವಂಥದ್ದು. ಚಿತ್ರದಲ್ಲಿ ಪಾಚಿಯೂ ಕಾಣುವುದಿಲ್ಲ. ಸರ್ವೆ ಸರ್ ಹೇಳಿದ್ದನ್ನೇ ಮುಂದುವರಿಸುತ್ತೇನೆ. ಅವರು ಎಲ್ಲಿ ನಿಂತರು? ಕೋಟೆಯ ಮೇಲೆ. ಕಂಪನಿಯ ಹಡಗಿನ ಮೇಲೆ. ಸೇನಾಪತಿಯ ಸ್ಮಾರಕದ ಮೇಲೆ. ಅಲ್ಲಿಂದ ಉತ್ತರದಲ್ಲಿ ನಮ್ಮ ಜನ ಇದ್ದ ಪೇಟೆ, ಬ್ರಿಟಿಷರ ಬಾಯಲ್ಲಿ ‘ಕರಿಯರ ಪೇಟೆ’, ದೂರದ ಒಂದು ಮಸುಕು, ಅಷ್ಟೇ.

ತಾಮ್ರದ_ತಗಡು:

ಬರದ ಮಾತು ಪೂರ್ತಿ ಒಪ್ಪುತ್ತೇನೆ. ಆ ನೆನಪಿಲ್ಲದೆ ಈ ಚಿತ್ರ ನೋಡಬಾರದು. ಆದರೆ ಎಲ್ಲ ಚಿತ್ರಕ್ಕೂ ಒಂದೇ ಮಾತು ಹೇಳಿದರೆ ಒಪ್ಪಲಾರೆ.

ಡೇನಿಯಲ್‌ಗಳು ಆ ಉತ್ತರದ ಪೇಟೆಯ ಚಿತ್‌ಪುರ ರಸ್ತೆಗೂ ಹೋದರು. ಅಲ್ಲಿ ಗೋವಿಂದರಾಮ್ ಮಿತ್ರ ಕಟ್ಟಿಸಿದ ದೊಡ್ಡ ದೇವಸ್ಥಾನ ಇತ್ತು. 1737ರ ಚಂಡಮಾರುತಕ್ಕೆ ಅದು ಪೆಟ್ಟು ತಿಂದಿತ್ತು. ಅದನ್ನು ಅವರು ಬರೆದಿಟ್ಟಿದ್ದಾರೆ, ಬಂಗಾಳಿ ಮನೆಗಳ ಜೊತೆ, ಬೀದಿಯ ಜನರ ಜೊತೆ. ಆ ದೊಡ್ಡ ದೇವಸ್ಥಾನ ಈಗ ಹಾಗೆ ಉಳಿದಿಲ್ಲ. ಅದು ಹೇಗಿತ್ತು ಅಂತ ಇವತ್ತು ಕಣ್ಣಿಗೆ ಕಟ್ಟುವುದು ಈ ಅಚ್ಚುಗಳಿಂದಲೇ. ಫ್ರೇಸರ್ ಕೂಡ ಚಿತ್‌ಪುರದ ಬಜಾರಿನಲ್ಲಿ ನಿಂತು ಬರೆದರು. ಆ ಚಿತ್ರದಲ್ಲಿ ಅಗಲ ನೋಟ ಇಲ್ಲ. ಅಂಗಡಿ, ಚಪ್ಪರ, ಎತ್ತು, ಜನ, ಎಲ್ಲ ಮೈಮೇಲೆ ಬಂದ ಹಾಗೆ ಇದೆ. ಬೀದಿಗೆ ಇಳಿದ ತಕ್ಷಣ ಅವರ ಚಿತ್ರದ ಆಕಾರವೇ ಬದಲಾಗುತ್ತದೆ.

ಇನ್ನೊಂದು ಸಣ್ಣ ವಿಷಯ. ಹಳೇ ಕಲ್ಕತ್ತಾ ಚಿತ್ರಗಳಲ್ಲಿ ಸೂರಿನ ಮೇಲೆ ದೊಡ್ಡ ದೊಡ್ಡ ಹಕ್ಕಿ ಕೂತಿರುತ್ತವೆ, ಗಮನಿಸಿ. ಅವು ಹರ್ಗಿಲಾ, ಬೋಳು ತಲೆಯ ದೊಡ್ಡ ಕೊಕ್ಕರೆ. ಊರಿನ ಕಸ, ಸತ್ತ ಪ್ರಾಣಿ ತಿಂದು ಬದುಕುತ್ತಿದ್ದವು. ಅಂದ ಮಾತ್ರ ಮಾರಬೇಕು ಅಂತಿದ್ದರೆ ಗವರ್ನರ್ ಮನೆಯ ಊರಲ್ಲಿ ಆ ಹಕ್ಕಿಯನ್ನು ಯಾಕೆ ಕೂರಿಸಬೇಕು? ಈಗ ಆ ಹಕ್ಕಿ ಕೋಲ್ಕತ್ತಾದಲ್ಲಿಲ್ಲ. ಭಾರತದಲ್ಲಿ ಉಳಿದಿರುವುದು ಹೆಚ್ಚಾಗಿ ಅಸ್ಸಾಮಿನಲ್ಲಿ.

ಬಯಲು_ಬಿಸಿಲು:

ಹಕ್ಕಿ ವಿಷಯ ಗೊತ್ತಿರಲಿಲ್ಲ ಮೇಡಂ. ಚಿತ್‌ಪುರದ ಚಿತ್ರ ಈಗ ನೋಡಿದೆ. ಅದರಲ್ಲಿ ಜೀವ ಇದೆ, ಒಪ್ಪಿದೆ. ಕೋಟೆಯಿಂದ ನೋಡಿದ ಚಿತ್ರಗಳ ಬಗ್ಗೆ ನನ್ನ ಮಾತು ಬದಲಾಗಿಲ್ಲ.

ಪಡುಗಡಲು:

ನಾನು ಮಲ್ಪೆಯವಳು, ನಮ್ಮದು ದೋಣಿ ಮನೆ. ಕಟ್ಟಡ ನೋಡುವುದಕ್ಕಿಂತ ದೋಣಿ ನೋಡಿದೆ. ಫ್ಲಾಂಡರ್ಸ್ ಕಡೆಯ ಸೋಲ್ವಿನ್ಸ್ ಅನ್ನುವವರ ಅಚ್ಚುಗಳನ್ನೂ ಹುಡುಕಿ ನೋಡಿ. 1791ರಿಂದ 1803ರವರೆಗೆ ಕಲ್ಕತ್ತಾದಲ್ಲಿದ್ದರು. ಮೊದಲು ಹಡಗಿನ ಚಿತ್ರ ಬರೆಯುತ್ತಿದ್ದವರು. ಅವರ 250 ಅಚ್ಚುಗಳ ಸಂಗ್ರಹದಲ್ಲಿ ಬಂಗಾಳದ ದೋಣಿಗಳದ್ದೇ ಒಂದು ಭಾಗ ಇದೆ. ದೊಡ್ಡವರು ಓಡಾಡುವ ಕೋಣೆ ಇದ್ದ ಬಜ್ರಾ, ಸರಕು ಹೊರುವ ಚಪ್ಪಟೆ ತಳದ್ದು, ಪುಟ್ಟ ಡಿಂಗಿ. ಹಿಂದುಗಡೆ ಎತ್ತರದಲ್ಲಿ ನಿಂತು ಉದ್ದನೆ ಹುಟ್ಟಿನಿಂದ ದಿಕ್ಕು ತಿರುಗಿಸುವವನ ಕಾಲು ಎಲ್ಲಿರಬೇಕೋ ಅಲ್ಲೇ ಇದೆ. ದೋಣಿ ಬಲ್ಲವರ ಕೈ ಅದು. ಅಗಲ ಚಿತ್ರಗಳಲ್ಲಿ ಕೆಲಸ ಮಾಡುತ್ತಿರುವ ನಮ್ಮ ಜನ ಎಲ್ಲಿದ್ದಾರೆ ಅಂದರೆ ನೀರಿನ ಮೇಲೆ.

ರಂಗನತಿಟ್ಟು:

ತಡವಾಗಿ ಬಂದೆ, ಕ್ಷಮಿಸಿ. ಮಂಡ್ಯ ಜಿಲ್ಲೆಯವನಾಗಿ ಒಂದು ಹೇಳದೆ ಹೋದರೆ ನಿದ್ದೆ ಬರುವುದಿಲ್ಲ.

ಲಂಡನ್ನನ್ನು ದಂಗುಬಡಿಸಿದ ಭಾರತದ ಪನೋರಮಾ ಅಂದರೆ ನಮ್ಮ ಶ್ರೀರಂಗಪಟ್ಟಣದ್ದು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಮರುವರ್ಷ 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಅನ್ನೋ 22-23ರ ಹುಡುಗ ಲಂಡನ್ನಿನ ಲೈಸಿಯಂ ಅನ್ನೋ ಪ್ರದರ್ಶನ ಮಂದಿರದಲ್ಲಿ ಅದರ ಚಿತ್ರ ತೋರಿಸಿದ. ಸುಮಾರು 120 ಅಡಿ ಉದ್ದ. ಅರ್ಧಚಂದ್ರದ ಆಕಾರದಲ್ಲಿ ಕಟ್ಟಿದ ಬಟ್ಟೆ. ಆರೇ ವಾರದಲ್ಲಿ ಬರೆದು ಮುಗಿಸಿದ ಅನ್ನುತ್ತಾರೆ. ಅವನು ಕಾವೇರಿಯನ್ನು ಕಂಡವನಲ್ಲ. ಆ ಬಟ್ಟೆ ಉಳಿದಿಲ್ಲ. ಅದನ್ನು ನೋಡಿ ಮಾಡಿದ ಅಚ್ಚುಗಳಿವೆ. ಅಲ್ಲಿ ಅವನು ನಮ್ಮನ್ನು ನಿಲ್ಲಿಸುವುದು ಎಲ್ಲಿ ಗೊತ್ತಾ? ನದಿಯ ಕಡೆ, ಒಡೆದ ಗೋಡೆಗೆ ಎದುರಾಗಿ, ನುಗ್ಗುವವರ ಬೆನ್ನ ಹಿಂದೆ. ನಾನು ಚಿಕ್ಕಂದಿನಿಂದ ಆಡಿದ ಜಾಗ ಅದು. ಆದರೆ ನಾನು ಯಾವತ್ತೂ ನಿಂತದ್ದು ಗೋಡೆಯ ಈ ಕಡೆ, ಒಳಗೆ.

ಕಂಡು ಬರೆದವರೂ ಇದ್ದರು. ರಾಬರ್ಟ್ ಹೋಮ್ 1791-92ರಲ್ಲಿ ಕಾರ್ನ್‌ವಾಲಿಸ್ ಸೇನೆಯ ಜೊತೆ ಮೈಸೂರು ಸೀಮೆಗೆ ಬಂದು ಬೆಂಗಳೂರು, ಬೆಟ್ಟದ ಕೋಟೆಗಳನ್ನೆಲ್ಲ ಬರೆದರು. ಆಮೇಲೆ ಕಲ್ಕತ್ತಾಕ್ಕೆ ಹೋಗಿ ನೆಲೆಸಿದರು. ಡೇನಿಯಲ್‌ಗಳೂ ತಮ್ಮ ಚಿತ್ರಗಳನ್ನು ಕಲ್ಕತ್ತಾದಲ್ಲಿ ಲಾಟರಿಗೆ ಇಟ್ಟು ದುಡ್ಡು ಕೂಡಿಸಿ, 1792ರಲ್ಲಿ ದಕ್ಷಿಣಕ್ಕೆ ಬಂದು ಹೊಸೂರು, ರಾಯಕೋಟೆ ಬರೆದರು.

ಇನ್ನು ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಯಾರು? ವೆಲ್ಲೆಸ್ಲಿ. ಅದೇ 1799ರಲ್ಲಿ ಅವನು ಕಲ್ಕತ್ತಾದಲ್ಲಿ ತನ್ನ ಹೊಸ ಮನೆ, ಅಂದರೆ ಆ ಗವರ್ನರ್ ಮನೆ, ಕಟ್ಟಲು ಶುರು ಮಾಡಿದ, 1803ರಲ್ಲಿ ಮುಗಿಯಿತು. ಡೇನಿಯಲ್‌ಗಳ ಮೊದಲ 12 ಚಿತ್ರಗಳಲ್ಲಿ ಆ ಮನೆ ಇಲ್ಲ. ಫ್ರೇಸರ್ ಚಿತ್ರಗಳಲ್ಲಿ ಊರಿನ ನಡುವೆ ಅದೇ ಇದೆ.

ಹೂಗ್ಲಿ_ದಂಡೆ:

ನಿಮ್ಮನ್ನೆಲ್ಲ ಹೇಗೆ ನೆನೆಯಲಿ! ಇವತ್ತು ರಜೆ ಹಾಕಿ ಮತ್ತೆ ಹೋಗಿದ್ದೆ.

ಮೊದಲು ಅಂಚೆ ಕಚೇರಿಯ ಹಿತ್ತಾಳೆ ಗೆರೆ ಹುಡುಕಿದೆ. ಜನ ಅದರ ಮೇಲೆ ಕೂತು ಫಾರ್ಮ್ ತುಂಬಿಸುತ್ತಿದ್ದರು. ಅಲ್ಲಿಂದ ಪಶ್ಚಿಮಕ್ಕೆ ನಡೆದೆ. ಹೆಜ್ಜೆ ಹಾಕುವಾಗ ಕಾಲ ಕೆಳಗೆ ನದಿ ಇದೆ ಅಂತ ಅನಿಸಿ ಮೈ ಜುಮ್ಮೆಂದಿತು. ಆಮೇಲೆ ಬಾಬುಘಾಟ್‌ನಿಂದ ಫೆರಿ ಹತ್ತಿ ಹೌರಾ ಕಡೆ ಹೊರಟೆ. ನಡುನೀರಿಗೆ ಬಂದಾಗ ಹಿಂದಿರುಗಿ ನೋಡಿದೆ. ಇಡೀ ದಂಡೆ ಒಂದೇ ಉದ್ದ ಪಟ್ಟಿಯಾಗಿ ಬಿಚ್ಚಿಕೊಂಡಿತು. ಮರ, ಗೋದಾಮು, ಅಂಚೆ ಕಚೇರಿಯ ಗುಮ್ಮಟ. ಲ್ಯಾಂಬರ್ಟ್ ಮತ್ತು ಸ್ಕಾಟ್ ಇಲ್ಲಿಗೆ ಬಾರದೇ ಹೋದರೂ ನಮ್ಮನ್ನು ನಿಲ್ಲಿಸಿದ್ದು ಇಂಥದ್ದೇ ಜಾಗದಲ್ಲಿ. ಮಲ್ಪೆಯ ಅಕ್ಕ, ಒಬ್ಬ ಮೀನುಗಾರ ಹಿಂದುಗಡೆ ನಿಂತೇ ಹುಟ್ಟು ಹಾಕುತ್ತಿದ್ದ, ನೀವು ಹೇಳಿದ ಹಾಗೇ.

ರಂಗನತಿಟ್ಟು ಅವರೇ, ನಿಮಗೆ ಒಂದು ಹೇಳಬೇಕು. ವಾಪಸ್ ಬರುವಾಗ ಶಹೀದ್ ಮಿನಾರ್ ಹತ್ತಿರ ಇಳಿದೆ. ಅದರ ಪೂರ್ವಕ್ಕೆ, ಧರ್ಮತಲದ ಮೂಲೆಯಲ್ಲಿ ಒಂದು ಮಸೀದಿ ಇದೆ. ಇಲ್ಲಿನವರು ಅದನ್ನು ಟಿಪ್ಪು ಸುಲ್ತಾನ್ ಮಸೀದಿ ಅಂತಲೇ ಕರೆಯುವುದು. ದಿನಾ ಬಸ್ಸಿನಲ್ಲಿ ಅದರ ಮುಂದೆಯೇ ಹೋಗುತ್ತೇನೆ, ಇವತ್ತು ಇಳಿದು ಫಲಕ ಓದಿದೆ. 1842ರಲ್ಲಿ ಕಟ್ಟಿಸಿದ್ದು ಗುಲಾಮ್ ಮೊಹಮ್ಮದ್, ಟಿಪ್ಪುವಿನ ಕಿರಿಯ ಮಗ. 1806ರ ವೆಲ್ಲೂರು ದಂಗೆಯ ಮೇಲೆ ಟಿಪ್ಪುವಿನ ಮನೆಯವರನ್ನು ಇಲ್ಲಿಗೆ ಕಳಿಸಿದ್ದರಲ್ಲ.

ಫೀಬಿಗ್ ಆ ಸ್ಮಾರಕ ಹತ್ತಿದ ಹೊತ್ತಿಗೆ ಮಸೀದಿ ಕಟ್ಟಿ ಸುಮಾರು ಐದು ವರ್ಷ ಆಗಿತ್ತು, ಅಷ್ಟೇ. ಧರ್ಮತಲ ಕಡೆ ನೋಡುವ ಹಾಳೆ ನನಗೆ ಬೇಕು. ಸರ್ವೆ ಸರ್, ನಿಮ್ಮ ಹತ್ತಿರ ಆರೂ ಹಾಳೆಗಳ ಒಳ್ಳೆ ಪ್ರತಿ ಇದ್ದರೆ ಇಲ್ಲಿ ಹಾಕುತ್ತೀರಾ? ಆ ಗುಮ್ಮಟಗಳನ್ನು ಹುಡುಕಬೇಕು.

ಸರಪಳಿ_ಅಳತೆ:

ಇದೆ. ಸ್ಕ್ಯಾನ್ ದೊಡ್ಡದು, ಎರಡು ಭಾಗ ಮಾಡಿ ಈಗಲೇ ಹಾಕುತ್ತಿದ್ದೇನೆ. ಪೂರ್ವದ ಹಾಳೆ ಮೊದಲು.